ಹಲಸಿನ ಮರದ ಜೆಸಿಬಿ: ಹಿಂದಿನ ಕೈಯಿಂದ ಶುರು ಮಾಡಿ

ದಸರಾ ಬಂತೆಂದರೆ ಮೈಸೂರು, ಮಂಡ್ಯದ ಎಷ್ಟೋ ಮನೆಗಳಲ್ಲಿ ಗೊಂಬೆ ಕೂರಿಸುತ್ತಾರೆ. ಪಟ್ಟದ ಗೊಂಬೆಗಳ ಕೆಳಗೆ ಹಳ್ಳಿ, ಸಂತೆ, ಕೆರೆ, ಹೊಲ ಎಲ್ಲ ಬರುತ್ತವೆ. ಅಲ್ಲಿ ಕೆರೆಯ ಪಕ್ಕ ಮರದ ಜೆಸಿಬಿಯೊಂದನ್ನು ನಿಲ್ಲಿಸಿ ನೋಡಿ, ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ. ಆದರೆ ಅದರ ಕೈ ನಿಜವಾಗಿ ಮಡಚಬೇಕು, ಬಕೆಟ್ ತಿರುಗಬೇಕು, ಕೈಯನ್ನು ಆಡಿಸುವ ಸಿಲಿಂಡರಿನ ರಾಡ್ ಹೊರಗೆ ಬಂದು ಒಳಗೆ ಹೋಗಬೇಕು. ಅಲ್ಲಾಡದ ಜೆಸಿಬಿ ಎಷ್ಟು ಚೆಂದ ಇದ್ದರೂ ಒಂದು ಹಳದಿ ಪೆಟ್ಟಿಗೆ ಅಷ್ಟೇ.

ಅದಕ್ಕೇ ಈ ಮಾರ್ಗದರ್ಶಿ ಸ್ವಲ್ಪ ಉಲ್ಟಾ ಹೋಗುತ್ತದೆ. ಸಾಮಾನ್ಯವಾಗಿ ಎಲ್ಲರೂ ಕ್ಯಾಬಿನ್, ಬಾನೆಟ್, ಚಕ್ರ ಮಾಡಿ ಕೊನೆಗೆ ಹಿಂದಿನ ಕೈಯನ್ನು ಹೇಗೋ ಅಂಟಿಸುತ್ತಾರೆ. ನಾನು ಹೇಳುವುದು ಮೊದಲು ಕೈ ಮಾಡಿ ಅಂತ. ಕೈಯ ಪಿನ್ನುಗಳು ಸರಿಯಾದ ಜಾಗದಲ್ಲಿ ಕೂತರೆ ಉಳಿದದ್ದೆಲ್ಲ ಮರಗೆಲಸ. ಪಿನ್ನು ತಪ್ಪಿದರೆ ಎಷ್ಟು ಪಾಲಿಶ್ ಹಾಕಿದರೂ ಆಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು ನಾಲ್ಕು ಟೈರಿನ ಯಂತ್ರದ ಬಗ್ಗೆ, ಮುಂದೆ ಅಗಲವಾದ ಬಕೆಟ್, ಹಿಂದೆ ಉದ್ದ ಕೈ ಇರುವಂಥದ್ದು. ಚೈನಿನ ಮೇಲೆ ಓಡುವ, ಮೇಲ್ಭಾಗ ಪೂರ್ತಿ ಸುತ್ತುವ ಯಂತ್ರ ಬೇರೆ. ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಇಂಗ್ಲೆಂಡಿನಲ್ಲಿ 1945ರಲ್ಲಿ ಶುರು ಮಾಡಿದ ಕಂಪನಿ ಈ ಎರಡು ಕೆಲಸದ ಯಂತ್ರವನ್ನು 1953ರಲ್ಲಿ ತಂದಿತು. ಭಾರತದಲ್ಲಿ ಕಂಪನಿಯ ಕೆಲಸ ಶುರುವಾದದ್ದು 1979ರಲ್ಲಿ, ಹರಿಯಾಣದ ಬಲ್ಲಭಗಢದಲ್ಲಿ.

ಅಳತೆ: ಯಂತ್ರದ ಹತ್ತಿರಕ್ಕೇ ಹೋಗಿ

ಫೋಟೋ ನೋಡಿ ಅಳತೆ ತೆಗೆಯಬೇಡಿ. ಫೋಟೋದಲ್ಲಿ ಹತ್ತಿರದ ಟೈರು ದೊಡ್ಡದಾಗಿ, ದೂರದ ಬಕೆಟ್ ಚಿಕ್ಕದಾಗಿ ಕಾಣುತ್ತದೆ. ಮಂಡ್ಯ ಜಿಲ್ಲೆಯಲ್ಲಂತೂ ಯಂತ್ರಕ್ಕೆ ಬರವಿಲ್ಲ. ಬೇಸಿಗೆಯಲ್ಲಿ ನಾಲೆಗೆ ನೀರು ನಿಲ್ಲಿಸಿದಾಗ ಹೂಳೆತ್ತುವ ಕಡೆ, ಹೊಸ ಬಡಾವಣೆಗಳಲ್ಲಿ, ರಸ್ತೆ ಬದಿಯ ಸ್ಟ್ಯಾಂಡುಗಳಲ್ಲಿ ನಿಂತೇ ಇರುತ್ತವೆ. ಆಪರೇಟರನ್ನು ಕೇಳಿ. ಊಟದ ಹೊತ್ತಿನಲ್ಲಿ ಹೋದರೆ ಅವರೇ ಟೇಪಿನ ಇನ್ನೊಂದು ತುದಿ ಹಿಡಿಯುತ್ತಾರೆ. ಎಂಜಿನ್ ಆಫ್ ಆಗಿರಬೇಕು, ಎರಡೂ ಬಕೆಟ್ ನೆಲದ ಮೇಲೆ ಕೂತಿರಬೇಕು, ಕೀ ಅವರ ಜೇಬಿನಲ್ಲಿರಬೇಕು. ಎತ್ತಿ ನಿಲ್ಲಿಸಿದ ಬಕೆಟ್ಟಿನ ಕೆಳಗೆ ಟೇಪ್ ಹಿಡಿದು ಹೋಗಲೇಬೇಡಿ.

ಮಾದರಿಗೆ 16ರಲ್ಲಿ ಒಂದು ಪಾಲು ಅನ್ನುವ ಅಳತೆ ಇಟ್ಟುಕೊಳ್ಳಿ. ಇದಕ್ಕೆ ಕಾರಣ ಇದೆ. ನಮ್ಮ ಇಂಚು ಟೇಪಿನಲ್ಲಿ ಅತಿ ಚಿಕ್ಕ ಗೆರೆ ಇಂಚಿನ 16ನೇ ಒಂದು ಭಾಗ. ಹಾಗಾಗಿ ಯಂತ್ರದ ಒಂದು ಇಂಚಿಗೆ ಮಾದರಿಯಲ್ಲಿ ಒಂದು ಗೆರೆ. ಬಡಗಿಗಳು ಹೇಳುವ ಒಂದು ನೂಲಿಗೆ ಯಂತ್ರದಲ್ಲಿ ಎರಡು ಇಂಚು. ಯಂತ್ರದ ಒಂದು ಅಡಿ ಮಾದರಿಯಲ್ಲಿ ಮುಕ್ಕಾಲು ಇಂಚು. ಕ್ಯಾಲ್ಕುಲೇಟರ್ ಬೇಕಾಗುವುದೇ ಇಲ್ಲ. ಕೈ ಮಡಚಿ ನಿಂತ ಯಂತ್ರ ಸುಮಾರು 6 ಮೀಟರ್ ಉದ್ದ ಇರುತ್ತದೆ, ಮಾದರಿ 37 ಸೆಂಟಿಮೀಟರಿನ ಆಸುಪಾಸು ಬರುತ್ತದೆ. ಗೊಂಬೆ ಮೆಟ್ಟಿಲಿನ ಮೇಲೆ ಸಲೀಸಾಗಿ ಕೂರುತ್ತದೆ.

ಅಳೆಯಬೇಕಾದ್ದು ಮುಖ್ಯವಾಗಿ ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಇರುವ ದೂರ. ಹಿಂದಿನ ಕೈಯಲ್ಲಿ ಯಂತ್ರಕ್ಕೆ ಅಂಟಿದ ಮೊದಲ ತುಂಡು ಬೂಮ್, ಅದರ ತುದಿಗೆ ಡಿಪ್ಪರ್, ಅದರ ತುದಿಗೆ ಬಕೆಟ್. ಬೂಮಿನ ಎರಡು ಪಿನ್ನು, ಡಿಪ್ಪರಿನ ಎರಡು ಪಿನ್ನು, ಪ್ರತಿ ಸಿಲಿಂಡರಿನ ಎರಡು ತುದಿಯ ಪಿನ್ನು, ಇಷ್ಟನ್ನೂ ಬರೆದುಕೊಳ್ಳಿ. ಮೂರು ಪಿನ್ನಿನ ಮಧ್ಯದ ಮೂರೂ ದೂರ ಗೊತ್ತಿದ್ದರೆ ಕೈವಾರದಲ್ಲಿ ಕಾಗದದ ಮೇಲೆ ಅವುಗಳ ಜಾಗ ತಾನಾಗಿ ಸಿಗುತ್ತದೆ. ಕೋನ ಅಳೆಯುವ ಗೋಜು ಬೇಡ.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆ ಓದಲು ಮರೆಯಬೇಡಿ. ಹಿಂದಿನ ಟೈರಿನಲ್ಲಿ 16.9-28 ಅಂತ ಇದ್ದರೆ ಅಗಲ 16.9 ಇಂಚು, ರಿಮ್ಮು 28 ಇಂಚು. ಅದನ್ನು 16ರಿಂದ ಭಾಗಿಸಿದರೆ ಅಗಲ 27 ಮಿಲಿಮೀಟರ್, ರಿಮ್ಮು 44 ಮಿಲಿಮೀಟರ್. ಹೊರಗಿನ ಸುತ್ತು ಟೇಪಿನಲ್ಲಿ ಅಳೆಯಿರಿ. ಇಂಥ ಟೈರಿಗೆ ಮಾದರಿಯಲ್ಲಿ ಹೆಚ್ಚುಕಡಿಮೆ 88 ಮಿಲಿಮೀಟರ್ ವ್ಯಾಸ ಬರುತ್ತದೆ.

ಮರ ಹಾಕುವ ಮೊದಲು ರಟ್ಟು

ಹಳೆ ಕ್ಯಾಲೆಂಡರಿನ ರಟ್ಟು, ನಾಲ್ಕೈದು ಗುಂಡುಸೂಜಿ, ಒಂದು ಮೆತ್ತನೆಯ ಹಲಗೆ ತಗೊಳ್ಳಿ. ಬೂಮ್, ಡಿಪ್ಪರ್, ಬಕೆಟ್ ಮೂರನ್ನೂ ರಟ್ಟಿನಲ್ಲಿ ಕತ್ತರಿಸಿ ಸೂಜಿಯಿಂದ ಜೋಡಿಸಿ. ಈಗ ಕೈಯನ್ನು ನಾಲ್ಕು ಭಂಗಿಯಲ್ಲಿ ಇಟ್ಟು ನೋಡಿ: ರಸ್ತೆಯಲ್ಲಿ ಹೋಗುವಾಗ ಮಡಚಿದಂತೆ, ಪೂರ್ತಿ ಚಾಚಿದಂತೆ, ಗುಂಡಿಯ ತಳ ಮುಟ್ಟಿದಂತೆ, ಲಾರಿಗೆ ಮಣ್ಣು ಸುರಿಯುವಂತೆ. ಪ್ರತಿ ಭಂಗಿಯಲ್ಲೂ ಸಿಲಿಂಡರಿನ ಎರಡು ಪಿನ್ನುಗಳ ದೂರ ಅಳೆದು ಬರೆಯಿರಿ. ಅದರಲ್ಲಿ ಅತಿ ಕಡಿಮೆ ಎಷ್ಟು, ಅತಿ ಜಾಸ್ತಿ ಎಷ್ಟು ಅನ್ನುವುದೇ ನಿಮಗೆ ಬೇಕಾದ ಲೆಕ್ಕ.

ಒಂದು ಉದಾಹರಣೆ. ಕಡಿಮೆ ದೂರ 80 ಮಿಲಿಮೀಟರ್, ಜಾಸ್ತಿ ದೂರ 130 ಬಂತು ಅಂದುಕೊಳ್ಳಿ. ಅಂದರೆ ರಾಡ್ 50 ಮಿಲಿಮೀಟರ್ ಹೊರಗೆ ಬರಬೇಕು. ಸಿಲಿಂಡರಿನ ಒಳಗೆ 64 ಮಿಲಿಮೀಟರ್ ಆಳದ ತೂತು ಕೊರೆದು, ಮುಚ್ಚಿದಾಗ ಒಳಗೆ 62 ಮಿಲಿಮೀಟರ್ ಹೋಗುವ ರಾಡ್ ಹಾಕಿದರೆ, ಪೂರ್ತಿ ಚಾಚಿದಾಗಲೂ 12 ಮಿಲಿಮೀಟರ್ ಒಳಗೇ ಉಳಿಯುತ್ತದೆ. ಆ 12 ಮಿಲಿಮೀಟರ್ ಇಲ್ಲದಿದ್ದರೆ ರಾಡ್ ಓಲಾಡುತ್ತದೆ, ಒಂದು ದಿನ ಕಳಚಿ ಬೀಳುತ್ತದೆ. ಜಾಸ್ತಿ ದೂರ ಕಡಿಮೆ ದೂರದ ಎರಡರಷ್ಟಕ್ಕೆ ಹತ್ತಿರ ಬಂದರೆ ಯಾವುದೋ ಪಿನ್ನಿನ ಜಾಗ ತಪ್ಪಿದೆ ಅಂತಲೇ ಅರ್ಥ. ವಾಪಸ್ ಹೋಗಿ ಅಳೆಯಿರಿ.

ರಟ್ಟಿನಲ್ಲೇ ಇನ್ನೊಂದು ಪರೀಕ್ಷೆ ಮಾಡಬಹುದು. ಡಿಪ್ಪರಿನ ಸಿಲಿಂಡರ್ ಬೂಮಿನ ಮೇಲ್ಗಡೆ ಇರುತ್ತದೆ. ಅದು ಚಾಚಿದಾಗ ಡಿಪ್ಪರ್ ಯಂತ್ರದ ಕಡೆಗೆ ಮಡಚಬೇಕು. ಬಕೆಟ್ಟಿನ ಸಿಲಿಂಡರ್ ಚಾಚಿದಾಗ ಬಕೆಟ್ ಒಳಕ್ಕೆ ಸುರುಟಬೇಕು. ಇದು ಸುಮ್ನೆ ಇಟ್ಟ ಏರ್ಪಾಡಲ್ಲ. ಸಿಲಿಂಡರಿನ ಒಳಗೆ ಪಿಸ್ಟನ್ನಿನ ಒಂದು ಬದಿಗೆ ರಾಡ್ ಅಂಟಿರುತ್ತದೆ, ಆ ಬದಿಯಲ್ಲಿ ಎಣ್ಣೆ ಒತ್ತಲು ಜಾಗ ಕಡಿಮೆ. ರಾಡ್ ಇಲ್ಲದ ಬದಿಯಿಂದ ಎಣ್ಣೆ ತಳ್ಳಿದರೆ, ಅಂದರೆ ರಾಡ್ ಹೊರಗೆ ಬರುವಾಗ, ಬಲ ಜಾಸ್ತಿ ಸಿಗುತ್ತದೆ. ಮಣ್ಣು ತೋಡುವಾಗಲೇ ಬಲ ಬೇಕು, ಅಲ್ವಾ? ಅದಕ್ಕೇ ತೋಡುವ ಚಲನೆಗೆಲ್ಲ ರಾಡ್ ಹೊರಗೆ ಬರುವಂತೆ ಜೋಡಿಸಿರುತ್ತಾರೆ. ನಿಮ್ಮ ಮಾದರಿಯಲ್ಲಿ ಇದು ತಿರುಗಾಮುರುಗಾ ಆಗಿದ್ದರೆ, ಯಂತ್ರ ಓಡಿಸಿದವರು ದೂರದಿಂದಲೇ ಗುರುತು ಹಿಡಿಯುತ್ತಾರೆ.

ಬಕೆಟ್ಟಿನ ಹತ್ತಿರದ ಕೊಂಡಿಗಳನ್ನು ಬಿಟ್ಟುಬಿಡುವವರೇ ಹೆಚ್ಚು. ರಾಡ್ ನೇರವಾಗಿ ಬಕೆಟ್ಟಿಗೆ ಸೇರಿರುವುದಿಲ್ಲ. ಮಧ್ಯೆ ಎರಡು ಜೊತೆ ಕೊಂಡಿಗಳಿರುತ್ತವೆ: ಒಂದು ಜೊತೆ ಡಿಪ್ಪರಿನಿಂದ ರಾಡಿನ ತುದಿಗೆ, ಇನ್ನೊಂದು ಅಲ್ಲಿಂದ ಬಕೆಟ್ಟಿಗೆ. ಬಕೆಟ್ ಅಷ್ಟು ಪೂರ್ತಿಯಾಗಿ ಸುತ್ತುವುದು ಈ ಕೊಂಡಿಗಳಿಂದಲೇ. ನೇರವಾಗಿ ಜೋಡಿಸಿದರೆ ಅರ್ಧ ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಚಿಕ್ಕ ತುಂಡುಗಳು, ನಿಜ. ಬಿಡಬೇಡಿ.

ಮರ: ಬಣ್ಣ ಹಚ್ಚಬೇಡಿ

ಹಲಸಿನ ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿ ಭಾಗ, ಹುಟ್ಟಾ ಹಳದಿ. ಪಾಲಿಶ್ ಬಿದ್ದರೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ವೀಣೆಗೂ ಇದೇ ಮರ ಬಳಸುತ್ತಾರೆ. ಜೆಸಿಬಿಗೆ ಇದಕ್ಕಿಂತ ಒಪ್ಪುವ ಮರ ಇನ್ನೊಂದಿಲ್ಲ. ಟೈರು, ಬಕೆಟ್ಟಿನ ಹಲ್ಲು, ಸೀಟು, ಸೈಲೆನ್ಸರ್ ಪೈಪು, ಇವಕ್ಕೆಲ್ಲ ಬೀಟೆ. ಮೈಸೂರಿನಲ್ಲಿ ಬೀಟೆ ಮರದೊಳಗೆ ಬೇರೆ ಚೂರು ಕೂರಿಸುವ ಇನ್‌ಲೇ ಕೆಲಸಕ್ಕೆ ಭೌಗೋಳಿಕ ಗುರುತಿನ (ಜಿಐ) ಮನ್ನಣೆ ಇದೆ. ಆನೆ, ಅರಮನೆ, ಹಳ್ಳಿಯ ಚಿತ್ರಗಳನ್ನು ಅವರು ಬಣ್ಣ ಹಚ್ಚದೆ, ಬೇರೆ ಬೇರೆ ಮರದ ಸಹಜ ಬಣ್ಣದಲ್ಲೇ ಕೂರಿಸುತ್ತಾರೆ. ಆ ಕ್ರಮವನ್ನೇ ನಾವೂ ಹಿಡಿಯೋಣ. ಮಂಡಿ ಮೊಹಲ್ಲಾ ಕಡೆಯ ಕುಶಲಕರ್ಮಿಗಳ ಹತ್ತಿರ ಉಳಿದ ಚೂರುಗಳು ಸಿಗುತ್ತವೆಯಾ ಅಂತ ಕೇಳಿ, ನಮಗೆ ಅಷ್ಟು ಸಾಕು. ದೊಡ್ಡ ತುಂಡು ಕೊಳ್ಳುವುದಾದರೆ ಬಿಲ್ ಇಲ್ಲದೆ ಬೀಟೆ ತಗೊಳ್ಳಬೇಡಿ. ಬೀಟೆ ಸಿಗದಿದ್ದರೆ ಕರಿಜಾಲಿಯ ಚೇಗು ಆಗುತ್ತದೆ. ಬಣ್ಣ ಸ್ವಲ್ಪ ಕೆಂಪು, ಆದರೆ ಗಾಡಿ ಚಕ್ರಕ್ಕೆ ಹಾಕುವಷ್ಟು ಗಟ್ಟಿ.

ಹಲಸು ಕೊಳ್ಳುವಾಗ ಚೆನ್ನಾಗಿ ಒಣಗಿದ್ದನ್ನೇ ಆರಿಸಿ. ಸಾಮಿಲ್ಲಿನವರು ನಿನ್ನೆ ಸೀಳಿದ ಹಲಗೆ ಕೊಟ್ಟರೆ ಅದು ಮೂರು ತಿಂಗಳಲ್ಲಿ ಸೊಟ್ಟಗಾಗಿ ಪಿನ್ನೆಲ್ಲ ಹಿಡಿದುಕೊಳ್ಳುತ್ತದೆ. ಹಳೆ ಮನೆ ಕೆಡವಿದಾಗ ಸಿಗುವ ಬಾಗಿಲಿನ ತುಂಡು ಸಿಕ್ಕರೆ ಬಿಡಬೇಡಿ. ಹೊರಗೆ ಕಪ್ಪಾಗಿ ಕಂಡರೂ ಉಜ್ಜಿದರೆ ಒಳಗೆ ತಿಳಿಯಾದ ಬಣ್ಣ ಇರುತ್ತದೆ. ಹಲಸಿನ ನಾರು ಕೆಲವು ಕಡೆ ಅತ್ತ ಇತ್ತ ಹೆಣೆದುಕೊಂಡಿರುತ್ತದೆ, ಉಜ್ಜುಗೊರಡು ಹಾಕಿದರೆ ಅಲ್ಲಿ ನಾರು ಕಿತ್ತು ಬರುತ್ತದೆ. ಅಲಗು ಹರಿತ ಮಾಡಿ, ತೆಳ್ಳಗೆ ತೆಗೆಯಿರಿ, ಕೊನೆಯ ಪದರವನ್ನು ಉಪ್ಪುಕಾಗದಕ್ಕೆ ಬಿಡಿ.

ಬೀಟೆ ಜೊತೆ ಕೆಲಸ ಮಾಡುವಾಗ ಮೂರು ಎಚ್ಚರಿಕೆ. ಅದರ ಪುಡಿ ಮೂಗು, ಗಂಟಲಿಗೆ ಒಳ್ಳೆಯದಲ್ಲ, ಮಾಸ್ಕ್ ಹಾಕಿ. ಅದರಲ್ಲಿ ಎಣ್ಣೆಯ ಅಂಶ ಇರುವುದರಿಂದ ಫೆವಿಕಾಲ್ ಹಚ್ಚುವ ಮೊದಲು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ. ಇನ್ನೊಂದು, ಹಲಸಿನ ಪಕ್ಕದಲ್ಲಿಟ್ಟು ಬೀಟೆಯನ್ನು ಉಜ್ಜಲೇಬೇಡಿ. ಆ ಕಪ್ಪು ಪುಡಿ ಹಲಸಿನ ರಂಧ್ರಗಳಿಗೆ ಇಳಿದರೆ ಹಳದಿ ಮಂಕಾಗುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ. ಎರಡನ್ನೂ ಬೇರೆ ಬೇರೆ ಉಜ್ಜಿ, ಪಾಲಿಶ್ ಹಚ್ಚಿ, ಆಮೇಲೆ ಜೋಡಿಸಿ.

ಬೂಮ್ ಮತ್ತು ಡಿಪ್ಪರ್

ಬೂಮ್ ಬಾಗಿದ ಆಕಾರದ್ದು. ಒಂದೇ ಹಲಗೆಯಲ್ಲಿ ಕತ್ತರಿಸಿದರೆ ಬಾಗಿದ ಕಡೆ ನಾರು ಅಡ್ಡ ಬಿದ್ದು, ಒಂದು ಸಲ ಕೈ ಜಾರಿ ಬಿದ್ದರೆ ಅಲ್ಲೇ ಮುರಿಯುತ್ತದೆ. ಅದಕ್ಕೆ ಮೂರು ಪದರ ಮಾಡಿ. ಹೊರಗಿನ ಎರಡು 3 ಮಿಲಿಮೀಟರಿನ ತೆಳು ಹಲಗೆ, ನಾರು ಉದ್ದಕ್ಕೆ. ಒಳಗಿನ ದಪ್ಪ ಪದರದ ನಾರು ಬಾಗಿನ ಕಡೆಗೆ ಓರೆಯಾಗಿ. ಮೂರೂ ಸೇರಿದರೆ ಯಾವ ಕಡೆ ಬಗ್ಗಿಸಿದರೂ ಜಗ್ಗುವುದಿಲ್ಲ. ಪಿನ್ನು ಬರುವ ತುದಿಗಳಲ್ಲಿ ಒಳಪದರವನ್ನು ಸ್ವಲ್ಪ ಮೊದಲೇ ನಿಲ್ಲಿಸಿ. ಆಗ ಹೊರಗಿನ ಎರಡು ಹಲಗೆ ಕವೆಯ ಹಾಗೆ ಉಳಿದು, ಅದರ ಮಧ್ಯೆ ಡಿಪ್ಪರ್ ಕೂರುತ್ತದೆ.

ತೂತು ಕೊರೆಯುವುದೇ ಇಡೀ ಕೆಲಸದ ಜೀವ. ಎಡ, ಬಲ ಹಲಗೆಗಳನ್ನು ಎರಡು ಬದಿ ಅಂಟಿನ ಟೇಪಿನಿಂದ ಒಂದರ ಮೇಲೊಂದು ಕೂರಿಸಿ, ಒಟ್ಟಿಗೇ ಕೊರೆಯಿರಿ. ಕೈಯಲ್ಲಿ ಹಿಡಿದ ಡ್ರಿಲ್ ಓರೆ ಹೋಗುತ್ತದೆ, ಸ್ಟ್ಯಾಂಡ್ ಬೇಕೇ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಹತ್ತಿರದ ಲೇತ್ ಅಂಗಡಿಯಲ್ಲಿ ಗುರುತು ಹಾಕಿಕೊಂಡು ಹೋಗಿ ಕೊರೆಸಿ. ಪಿನ್ನಿಗೆ 3 ಮಿಲಿಮೀಟರಿನ ಹಿತ್ತಾಳೆ ಕಡ್ಡಿ ಸಾಕು. ಹೊರಗಿನ ಎರಡು ಹಲಗೆಗೆ 3 ಮಿಲಿಮೀಟರ್ ಬಿಟ್, ಒಳಗೆ ತಿರುಗುವ ತುಂಡಿಗೆ 3.2 ಬಿಟ್. ಹೊರಗೆ ಬಿಗಿ, ಒಳಗೆ ಸಡಿಲ. ಹೀಗಿದ್ದರೆ ಪಿನ್ನು ತಾನಾಗಿ ಹೊರಗೆ ಬರುವುದಿಲ್ಲ, ಕೈ ಮಾತ್ರ ತಿರುಗುತ್ತದೆ. ಕೊಂಡಿಗಳ ಪಿನ್ನಿಗೆ ಸೈಕಲ್ಲಿನ ಕಡ್ಡಿ ಚೆನ್ನಾಗಿ ಹೊಂದುತ್ತದೆ, ಅದು 2 ಮಿಲಿಮೀಟರ್ ಇರುತ್ತದೆ.

ಎರಡು ತಿರುಗುವ ತುಂಡುಗಳ ಮಧ್ಯೆ ಎಷ್ಟು ಸಂದು ಬಿಡಬೇಕು ಅಂದರೆ, ಒಂದು ಪೋಸ್ಟ್‌ಕಾರ್ಡಿನ ದಪ್ಪ. ಅಂಟು ಹಾಕುವಾಗ ಕಾರ್ಡಿನ ಚೂರನ್ನು ಮಧ್ಯೆ ಸಿಕ್ಕಿಸಿ, ಒಣಗಿದ ಮೇಲೆ ಎಳೆದುಬಿಡಿ. ಮಳೆಗಾಲದಲ್ಲಿ ಮರ ಉಬ್ಬಿದರೂ ಕೈ ಕಚ್ಚಿಕೊಳ್ಳುವುದಿಲ್ಲ.

ಸಿಲಿಂಡರ್

ಹೊಸಬರು ಉರುಟು ಕಡ್ಡಿ ತಗೊಂಡು ಅದರ ಮಧ್ಯೆ ತೂತು ಕೊರೆಯಲು ಹೋಗುತ್ತಾರೆ. ಬಿಟ್ ಯಾವಾಗಲೂ ಒಂದು ಬದಿಗೆ ಹೊರಟು ಗೋಡೆ ಸೀಳುತ್ತದೆ. ಮೊದಲು ಚೌಕದ ತುಂಡಿನಲ್ಲಿ ತೂತು ಕೊರೆಯಿರಿ. ಆಮೇಲೆ ಆ ತೂತಿಗೆ ಕಡ್ಡಿ ಸಿಕ್ಕಿಸಿ, ತೂತನ್ನೇ ನಡುವಾಗಿ ಇಟ್ಟುಕೊಂಡು ಹೊರಗಡೆ ಉರುಟು ಮಾಡಿ. ತೂತು ಸ್ವಲ್ಪ ಓರೆ ಇದ್ದರೂ ಗೋಡೆ ಎಲ್ಲ ಕಡೆ ಸಮ ಬರುತ್ತದೆ. ರಾಡಿಗೆ ಉಕ್ಕಿನ ಹೆಣಿಗೆ ಕಡ್ಡಿ ಬಳಸಿ. ನಿಜವಾದ ರಾಡಿನ ಕ್ರೋಮ್ ಹೊಳಪು ಅದರಲ್ಲಿ ಹಾಗೇ ಇದೆ. ತೂತಿನ ತಳಕ್ಕೆ ಸೂಜಿಯಷ್ಟು ಚಿಕ್ಕ ಗಾಳಿ ರಂಧ್ರ ಬಿಡಿ, ಇಲ್ಲದಿದ್ದರೆ ರಾಡ್ ಒಳಗೆ ತಳ್ಳಿದಾಗ ಗಾಳಿ ವಾಪಸ್ ನೂಕುತ್ತದೆ.

ಬಕೆಟ್

ಎರಡು ಪಕ್ಕದ ಹಲಗೆ ಕತ್ತರಿಸಿ, ಅದರ ಬಾಗಿದ ಅಂಚಿನ ಮೇಲೆ 4 ಮಿಲಿಮೀಟರ್ ಅಗಲದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸುತ್ತಾ ಹೋಗಿ. ಪ್ರತಿ ಪಟ್ಟಿಯ ಅಂಚನ್ನು ಚೂರೇ ಚೂರು ಓರೆ ಉಜ್ಜಿದರೆ ಸಂದು ಕಾಣುವುದಿಲ್ಲ. ಒಣಗಿದ ಮೇಲೆ ಒಳಗೆ, ಹೊರಗೆ ಉಜ್ಜಿ ನುಣುಪು ಮಾಡಿ. ಹಲ್ಲು ಎಷ್ಟಿವೆ ಅಂತ ನೀವು ಅಳೆದ ಯಂತ್ರದಲ್ಲೇ ಎಣಿಸಿ, ಬೀಟೆಯಲ್ಲಿ ಒಂದೊಂದಾಗಿ ಕೆತ್ತಿ ಕಚ್ಚು ಹಾಕಿ ಕೂರಿಸಿ. ಮುಂದಿನ ಬಕೆಟ್ಟಿಗೂ ಇದೇ ವಿಧಾನ, ಅಗಲ ಮಾತ್ರ ಜಾಸ್ತಿ.

ಚಕ್ರಗಳು

ಲೇತ್ ಇದ್ದವರಿಗೆ ಇದು ಸುಲಭ. ಇಲ್ಲದವರು ಚನ್ನಪಟ್ಟಣಕ್ಕೆ ಹೋಗಿ ಬರಬಹುದು, ಮಂಡ್ಯದಿಂದ ಹತ್ತಿರವೇ. ಅಲ್ಲಿ ಹಾಲೆ ಮರವನ್ನು ಲೇತಿನಲ್ಲಿ ತಿರುಗಿಸುತ್ತಾ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ತಾಳೆಗರಿಯಿಂದ ಒತ್ತಿ ಹೊಳಪು ತರುತ್ತಾರೆ. ರಿಮ್ಮಿಗೆ ಇಂಥ ಕೆಲಸ ಬಲು ಚೆನ್ನಾಗಿ ಒಪ್ಪುತ್ತದೆ.

ಟೈರಿನ ಬಿಲ್ಲೆಯನ್ನು 84 ಮಿಲಿಮೀಟರಿಗೆ ಮಾಡಿ, ಅದರ ಮೇಲೆ 2 ಮಿಲಿಮೀಟರ್ ಎತ್ತರದ ಹಲ್ಲುಗಳನ್ನು ಅಂಟಿಸಿದರೆ 88 ಆಗುತ್ತದೆ. ಬಿಲ್ಲೆಯ ಸುತ್ತಳತೆ 264 ಮಿಲಿಮೀಟರ್. ಅಷ್ಟುದ್ದದ ಕಾಗದದ ಪಟ್ಟಿ ಮಾಡಿ. ಯಂತ್ರದ ಟೈರಿನಲ್ಲಿ ಒಂದು ಬದಿಗೆ 22 ಹಲ್ಲು ಎಣಿಸಿದ್ದರೆ 12 ಮಿಲಿಮೀಟರಿಗೊಂದು ಗೆರೆ ಬರುತ್ತದೆ. ಇನ್ನೊಂದು ಬದಿಯ ಹಲ್ಲುಗಳು ಅರ್ಧ ಹೆಜ್ಜೆ ಹಿಂದೆ ಬರಬೇಕು. ಪಟ್ಟಿಯನ್ನು ಟೈರಿಗೆ ಸುತ್ತಿ ಅಂಟಿಸಿ, ಗೆರೆಯ ಮೇಲೆ ಹಲ್ಲು ಕೂರಿಸಿ.

ಈಗ ಮುಖ್ಯವಾದ ಮಾತು. ಎಡ ಚಕ್ರ, ಬಲ ಚಕ್ರ ಒಂದೇ ಅಲ್ಲ, ಒಂದರ ಕನ್ನಡಿ ರೂಪ ಇನ್ನೊಂದು. ಯಂತ್ರದ ಹಿಂದೆ ನಿಂತು ನೋಡಿದರೆ ಎರಡೂ ಟೈರಿನ ಹಲ್ಲುಗಳು ಸೇರುವ ಬಾಣದ ತುದಿ ಮೇಲಕ್ಕೆ ಇರಬೇಕು. ಹಾಗಿದ್ದಾಗಲೇ ಮುಂದೆ ಹೋಗುವಾಗ ಬಾಣದ ತುದಿ ಮೊದಲು ನೆಲ ಕಚ್ಚಿ, ಕೆಸರು ಎರಡು ಪಕ್ಕಕ್ಕೆ ಹೋಗುತ್ತದೆ. ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸಿದವರು ಮೊದಲು ನೋಡುವುದೇ ಅದನ್ನು.

ಚಾಸಿ, ಲೋಡರ್, ಕ್ಯಾಬಿನ್

ಚಾಸಿಗೆ ಗಟ್ಟಿ ಚೌಕಟ್ಟು ಸಾಕು. ಹಿಂದಿನ ಆಕ್ಸಲ್ ಅಲ್ಲಾಡದಂತೆ ಕೂರಿಸಿ. ಮುಂದಿನದನ್ನು ಮಾತ್ರ ನಡುವೆ ಒಂದೇ ಪಿನ್ನಿನಲ್ಲಿ ತೂಗುಹಾಕಿ, ಎಡಕ್ಕೆ ಬಲಕ್ಕೆ ಓಲಾಡಬೇಕು. ನಿಜವಾದ ಯಂತ್ರದಲ್ಲೂ ಹೀಗೇ. ಮೆಟ್ಟಿಲು ಸ್ವಲ್ಪ ಏರುತಗ್ಗು ಇದ್ದರೂ ನಾಲ್ಕು ಚಕ್ರವೂ ನೆಲ ಮುಟ್ಟುತ್ತವೆ. ಹಿಂದೆ ಕೈ ಕೂರುವ ಕಂಬಕ್ಕೆ ಮೇಲೊಂದು ಕೆಳಗೊಂದು ನಿಂತ ಪಿನ್ನು ಹಾಕಿ, ಹಿತ್ತಾಳೆ ವಾಷರ್ ಕೊಡಿ. ಕೈ ಎರಡು ಪಕ್ಕಕ್ಕೂ ಪೂರ್ತಿ ತಿರುಗಬೇಕು. ಹಿಂದಿನ ಎರಡು ಜಾಕಿಗಳು ಚೌಕದ ಕೊಳವೆಯೊಳಗೆ ಜಾರುವ ಚೌಕದ ಕೋಲುಗಳು. ಚಿಕ್ಕ ಅಡ್ಡ ಪಿನ್ನು ಕೊಟ್ಟರೆ ಬೇಕಾದ ಎತ್ತರದಲ್ಲಿ ನಿಲ್ಲುತ್ತವೆ.

ಕೈ ಚಾಚಿದಾಗ ಮಾದರಿ ಹಿಂದಕ್ಕೆ ಬಗ್ಗುತ್ತದೆ. ಬಾನೆಟ್ಟಿನೊಳಗೆ ಕಬ್ಬಿಣದ ನಟ್ಟುಗಳನ್ನು ಅಂಟಿಸಿ ತೂಕ ಕೊಡಿ, ಜಾಕಿ ಇಳಿಸಿ, ಮುಂದಿನ ಬಕೆಟ್ ನೆಲಕ್ಕೆ ತಾಗಿಸಿ. ಆಪರೇಟರ್ ತೋಡುವ ಮೊದಲು ಮಾಡುವುದೂ ಇದನ್ನೇ.

ಮುಂದಿನ ಬಕೆಟ್ಟನ್ನು ಎತ್ತುವ ಲೋಡರಿನ ಎರಡು ತೋಳನ್ನು ಒಟ್ಟಿಗೆ ಕತ್ತರಿಸಿ ಒಟ್ಟಿಗೆ ಕೊರೆಯಿರಿ, ಬೇರೇನೂ ಹೇಳಬೇಕಾದ್ದಿಲ್ಲ. ಕ್ಯಾಬಿನ್ನಿಗೆ ಗಾಜು ಹಾಕಬೇಡಿ ಅಂತ ನನ್ನ ಸಲಹೆ. ಪ್ಲಾಸ್ಟಿಕ್ ಹಾಳೆ ಎರಡು ವರ್ಷಕ್ಕೆ ಮಬ್ಬಾಗುತ್ತದೆ, ಮರದ ಕಂಬಗಳೇ ಚೆನ್ನಾಗಿ ಕಾಣುತ್ತವೆ. ಸೀಟನ್ನು ಮಾತ್ರ ಪಿನ್ನಿನ ಮೇಲೆ ಕೂರಿಸಿ. ಆಪರೇಟರ್ ಮುಂದಕ್ಕೆ ಕೂತು ಓಡಿಸಿ, ಹಿಂದಕ್ಕೆ ತಿರುಗಿ ತೋಡುತ್ತಾನೆ. ತಿರುಗುವ ಸೀಟು ಕಂಡರೆ ಮಕ್ಕಳ ಮುಖ ನೋಡಬೇಕು! ಎಣ್ಣೆ ಪೈಪಿಗೆ ಕಪ್ಪು ಮೇಣದ ದಾರ ಸಾಕು. ಕೈ ಪೂರ್ತಿ ಚಾಚಿ ಇಟ್ಟುಕೊಂಡೇ ದಾರದ ಉದ್ದ ಅಳೆಯಿರಿ, ಮಡಚಿದಾಗ ಅದು ಸಹಜವಾಗಿ ಬಾಗುತ್ತದೆ.

ಪಾಲಿಶ್ ಮತ್ತು ಆಮೇಲಿನ ಜೋಪಾನ

ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಫ್ರೆಂಚ್ ಪಾಲಿಶ್ ಹಲಸಿಗೆ ತುಂಬಾ ಹೊಂದುತ್ತದೆ. ತೆಳ್ಳಗೆ ಹಚ್ಚಿ, ಒಣಗಲು ಬಿಟ್ಟು, ನಯವಾದ ಉಪ್ಪುಕಾಗದದಲ್ಲಿ ಸವರಿ, ಮತ್ತೆ ಹಚ್ಚಿ. ನಾಲ್ಕೈದು ಪದರ ಬೇಕಾಗುತ್ತದೆ. ಬೀಟೆಗೆ ಬಳಸಿದ ಬಟ್ಟೆಯನ್ನು ಹಲಸಿಗೆ ಮುಟ್ಟಿಸಬೇಡಿ. ಸ್ಪಿರಿಟ್ಟಿಗೆ ಬೀಟೆಯ ಬಣ್ಣ ಬಿಡುತ್ತದೆ. ಪಿನ್ನಿನ ತೂತಿನೊಳಗೆ ಪಾಲಿಶ್ ಇಳಿಯದಂತೆ ಬೆಂಕಿಕಡ್ಡಿ ಸಿಕ್ಕಿಸಿಡಿ.

ಹಲಸಿನ ಹಳದಿ ಬೆಳಕಿಗೆ ನಿಧಾನಕ್ಕೆ ಕಂದು ತಿರುಗುತ್ತದೆ. ಗೊಂಬೆ ತೆಗೆದ ಮೇಲೆ ಕಿಟಕಿಯ ಹತ್ತಿರ ಇಡದೆ, ಬಿಸಿಲು ಬೀಳದ ಬೀರುವಿನಲ್ಲಿ ಇಡಿ. ಜೂನ್, ಜುಲೈನಲ್ಲಿ ಕೈ ಬಿಗಿಯಾದರೆ ಎಣ್ಣೆ ಬಿಡಬೇಡಿ, ಮರ ಅದನ್ನು ಕುಡಿದು ಕಲೆಯಾಗುತ್ತದೆ. ಪಿನ್ನು ಹೊರಗೆ ತೆಗೆದು ಅದಕ್ಕೆ ಮೇಣದಬತ್ತಿ ಉಜ್ಜಿ ವಾಪಸ್ ಹಾಕಿ. ಆಗಲೂ ಸಡಿಲವಾಗದಿದ್ದರೆ 3.2 ಬಿಟ್ಟನ್ನು ಕೈಯಲ್ಲೇ ಹಿಡಿದು ಒಳತುಂಡಿನ ತೂತಿನಲ್ಲಿ ಒಂದೆರಡು ಸುತ್ತು ತಿರುಗಿಸಿ.